ಕೊಲೆಯ ಕಥೆ ಮಾಡುವ ಮೊದಲು ಸತ್ತವರ ಮನೆಗೆ ಹೋಗಿ ಬನ್ನಿ

ನಿಜವಾಗಿ ನಡೆದ ಕೊಲೆಗಳನ್ನು ಧಾರಾವಾಹಿ, ವೆಬ್ ಸೀರೀಸ್ ಮಾಡುವ ವಾಹಿನಿ ಮತ್ತು ಓಟಿಟಿ ಸಂಸ್ಥೆಗಳ ಮುಖ್ಯಸ್ಥರಿಗೆ, ನಿರ್ದೇಶಕರಿಗೆ, ಬರಹಗಾರರಿಗೆ

ಮಾನ್ಯರೇ, ನಮಸ್ಕಾರ.

ನಾನು ಕೊಡಗಿನ ಸುಂಟಿಕೊಪ್ಪದಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವವಳು. ಟಿವಿ ಕೆಟ್ಟದ್ದು, ಕ್ರೈಂ ಕಥೆ ನೋಡಿದರೆ ಜನ ಹಾಳಾಗುತ್ತಾರೆ ಎಂದು ಬೈಯಲು ಈ ಪತ್ರ ಬರೆಯುತ್ತಿಲ್ಲ. ನಾನೂ ನೋಡುತ್ತೇನೆ. ನನ್ನ ಅಂಗಡಿಗೆ ಬರುವ ಹೆಂಗಸರೂ ನೋಡುತ್ತಾರೆ. ಎಷ್ಟು ಜನ ನೋಡಿದರು, ಎಷ್ಟು ಹೊತ್ತು ನೋಡಿದರು ಎಂಬ ಲೆಕ್ಕ ನಿಮ್ಮ ಹತ್ತಿರ ಇರುತ್ತದೆ. ನೋಡಿದ ಮೇಲೆ ಏನು ಮಾತಾಡಿಕೊಂಡರು ಎಂಬುದು ಆ ಲೆಕ್ಕದಲ್ಲಿ ಬರುವುದಿಲ್ಲ. ಅದನ್ನು ನಿಮಗೆ ತಿಳಿಸಬೇಕು ಅನ್ನಿಸಿತು.

ನಾನು ಕೇಳುವುದನ್ನು ಮೊದಲೇ ಹೇಳಿಬಿಡುತ್ತೇನೆ. ‘ಇದು ನಿಜವಾಗಿ ನಡೆದದ್ದು’ ಎಂದು ಹೇಳಿ ಕಥೆ ತೋರಿಸುವುದಾದರೆ ಮೊದಲು ಸತ್ತವರ ಮನೆಗೆ ಹೋಗಿ, ಆ ಮನೆಯವರನ್ನು ಕೇಳಿ. ಅವರು ಬೇಡ ಅಂದರೆ, ಅಥವಾ ಕೇಳುವುದಕ್ಕೆ ನಿಮಗೆ ಪುರುಸೊತ್ತಿಲ್ಲದಿದ್ದರೆ, ಊರು, ಹೆಸರು, ಕೆಲಸ, ಮನೆ ಎಲ್ಲ ಬದಲಿಸಿ ನಿಮ್ಮದೇ ಕಥೆ ಬರೆಯಿರಿ. ಆದರೆ ಆಗ ನಿಜ ಎಂದು ಪ್ರೋಮೋ ಹಾಕಬೇಡಿ. ನಿಜ ಎಂದು ಮಾರುವುದು, ಒಳಗೆ ಬೇಕಾದ್ದು ಸೇರಿಸುವುದು, ಎರಡೂ ಒಟ್ಟಿಗೆ ಬೇಡ.

ನಮ್ಮಲ್ಲಿ ಯಾರು ನೋಡುತ್ತಾರೆ ಅಂತ ಹೇಳುತ್ತೇನೆ. ಜೂನ್ ಹಿಡಿದು ಆಗಸ್ಟ್ ಮುಗಿಯುವವರೆಗೆ ಇಲ್ಲಿ ಮಳೆ ಬಿಡುವುದಿಲ್ಲ. ಸಂಜೆ ಹೊರಗೆ ಹೋಗುವ ಹಾಗಿಲ್ಲ. ಕರೆಂಟ್ ಇದ್ದರೆ ಟಿವಿ. ಕರೆಂಟ್ ಹೋದರೆ ಯಾರ ಮೊಬೈಲಿನಲ್ಲಿ ಚಾರ್ಜ್ ಉಳಿದಿದೆಯೋ ಅದು. ತೋಟದ ಕೂಲಿಯವರು ಇರುವ ಲೈನ್ ಮನೆಗಳಲ್ಲಿ ಒಂದೇ ಮೊಬೈಲನ್ನು ಸ್ಟೀಲ್ ಲೋಟಕ್ಕೆ ಒರಗಿಸಿ ನಾಲ್ಕೈದು ಜನ ನೋಡುತ್ತಾರೆ. ಮರುದಿನ ನನ್ನ ಅಂಗಡಿಯಲ್ಲಿ ಅದೇ ಮಾತು.

ಮಡಿಕೇರಿಗೆ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಚೂಡಿದಾರದ ಅಳತೆ ಕೊಡುತ್ತಾ ಹೇಳಿದಳು, “ಅಕ್ಕ, ಕೊಲೆ ನೋಡೋಕೆ ಅಂತ ನಾನು ನೋಡೋದಲ್ಲ. ಅವನು ಮೊದಲು ಮಾತು ಹೇಗೆ ಶುರು ಮಾಡ್ತಾನೆ ಅಂತ ನೋಡ್ತೇನೆ. ನಂಗೂ ದಿನಾ ಯಾರ್ಯಾರೋ ಮೆಸೇಜ್ ಹಾಕ್ತಾರಲ್ಲ.” ಪಕ್ಕದಲ್ಲಿದ್ದ ಅವಳ ಅಮ್ಮನಿಗೆ ಈ ಮಾತು ಹಿಡಿಸಲಿಲ್ಲ. “ಕಲಿಯೋದು ನೀವು ಮಾತ್ರ ಅಂದ್ಕೊಂಡ್ರಾ? ಕೊಲ್ಲೋನೂ ಅದನ್ನೇ ನೋಡಿ ಕಲೀತಾನೆ” ಅಂದರು. ಪ್ಯಾಂಟಿನ ಸೊಂಟ ಬಿಡಿಸಲು ಬಂದಿದ್ದ ನಿವೃತ್ತ ಪೊಲೀಸ್ ಹವಾಲ್ದಾರರೊಬ್ಬರ ಬೇಸರ ಬೇರೆ. ಟಿವಿಯಲ್ಲಿ ಒಬ್ಬ ಆಫೀಸರ್ ರಾತ್ರಿ ಕೂತು ಗೋಡೆಯ ಫೋಟೋಗಳಿಗೆ ದಾರ ಕಟ್ಟಿ ಕೇಸ್ ಬಿಡಿಸುತ್ತಾನೆ. ನಿಜಕ್ಕೂ ಸ್ಟೇಷನ್ ರೈಟರ್ ಬರೆದಿಟ್ಟ ಹಳೇ ಕಾಗದ, ಬಸ್ಸಿನಲ್ಲಿ ತಿರುಗಿ ಒಬ್ಬೊಬ್ಬರನ್ನೇ ಕೇಳಿದ ಕಾನ್‌ಸ್ಟೇಬಲ್ ಇವರಿಂದ ಕೇಸ್ ನಿಲ್ಲುತ್ತದೆ ಎಂದರು. ಇನ್ನೊಬ್ಬರು, ನನಗಿಂತ ಹಿರಿಯರು, ಇಂಥದ್ದನ್ನು ಮಾಡಲೇಬಾರದು, ಸತ್ತವರನ್ನು ಸುಮ್ನೆ ಬಿಡಬೇಕು ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಆದರೆ ಕಾಫಿ ಕೊಯ್ಲಿಗೆ ಹೋಗುವ ಹೆಂಗಸೊಬ್ಬರು ಕೇಳಿದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. “ಸತ್ತವಳಿಗೆ ಎರಡು ಮಕ್ಕಳಿದ್ರಲ್ಲ ಅಕ್ಕ, ಆಮೇಲೆ ಅವ್ರನ್ನ ಯಾರು ನೋಡ್ಕೊಂಡ್ರು? ಅದನ್ನ ತೋರಿಸಲೇ ಇಲ್ಲ.” ಎಂಟು ಎಪಿಸೋಡಿನ ಕಥೆಯಲ್ಲಿ ಕೊಲೆಗಾರನ ಬಾಲ್ಯ ಇತ್ತು. ಅವನ ಕನಸು ಇತ್ತು. ಅವನು ಒಬ್ಬನೇ ಕೂತು ಸಿಗರೇಟು ಸೇದುವ ಸೀನ್ ಇತ್ತು. ಆ ಮಕ್ಕಳು ಇರಲಿಲ್ಲ.

ಹೆಂಗಸರು ಇಂಥ ಕಥೆಗಳನ್ನು ಯಾಕೆ ಜಾಸ್ತಿ ನೋಡುತ್ತಾರೆ ಎಂದು ಅಮೆರಿಕದ ಮನಃಶಾಸ್ತ್ರಜ್ಞರು 2010ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ನಿಜವಾದ ಕೊಲೆಗಳ ಪುಸ್ತಕಗಳನ್ನು ಗಂಡಸರಿಗಿಂತ ಹೆಂಗಸರೇ ಹೆಚ್ಚು ಆರಿಸಿಕೊಳ್ಳುತ್ತಾರೆ, ಅದರಲ್ಲೂ ತಪ್ಪಿಸಿಕೊಳ್ಳುವ ಉಪಾಯ ಇರುವ ಪುಸ್ತಕವನ್ನು ಆರಿಸುತ್ತಾರೆ ಎಂದು ಅದರಲ್ಲಿ ಕಂಡುಬಂತು. ನಮ್ಮ ಕಾಲೇಜು ಹುಡುಗಿ ಹೇಳಿದ್ದೂ ಅದನ್ನೇ ಅಲ್ವಾ? ನಮಗೆ ರಕ್ತ ನೋಡುವ ಹುಚ್ಚು ಎಂದು ನೀವು ತಿಳಿದಿದ್ದರೆ ಅದು ಸರಿಯಲ್ಲ. ನಾವು ನೋಡುವುದು ಹೆದರಿಕೆಯಿಂದ, ಬದುಕುವ ಆಸೆಯಿಂದ.

ಈಗ ನಮಗೆ ತೀರಾ ಹತ್ತಿರದ ಒಂದು ಪ್ರಕರಣಕ್ಕೆ ಬರುತ್ತೇನೆ. ಸೈನೈಡ್ ಮೋಹನ್ ಎಂಬ ಹೆಸರು ನಿಮಗೆಲ್ಲ ಗೊತ್ತು. ದಕ್ಷಿಣ ಕನ್ನಡದ ಪ್ರಾಥಮಿಕ ಶಾಲೆಯ ಮೇಷ್ಟ್ರು. 20 ಹೆಂಗಸರ ಕೊಲೆ ಕೇಸು ಅವನ ಮೇಲೆ ಬಿತ್ತು. 2009ರಲ್ಲಿ ಸಿಕ್ಕಿಬಿದ್ದ. 2013ರ ಡಿಸೆಂಬರ್‌ನಲ್ಲಿ ಮಂಗಳೂರಿನ ಕೋರ್ಟು ಮೊದಲ ಮೂರು ಕೇಸುಗಳಲ್ಲಿ ಗಲ್ಲು ವಿಧಿಸಿತು. 20ನೇ ಕೇಸಿನ ತೀರ್ಪು ಬರುವಾಗ 2020 ಆಗಿತ್ತು.

ನನ್ನ ತವರು ಸುಳ್ಯದ ಕಡೆ. ಪುತ್ತೂರು, ಸುಳ್ಯದಿಂದ ಮೈಸೂರಿಗೆ ಹೋಗುವ ಬಸ್ಸು ಸಂಪಾಜೆ ಘಾಟಿ ಹತ್ತಿ ಮಡಿಕೇರಿ, ಸುಂಟಿಕೊಪ್ಪ, ಕುಶಾಲನಗರ ದಾಟಿಯೇ ಹೋಗಬೇಕು. ಆ ಹೆಣ್ಣುಮಕ್ಕಳಲ್ಲಿ ಕೆಲವರು ಅವನ ಪಕ್ಕದ ಸೀಟಿನಲ್ಲಿ ಕೂತು, ಮದುವೆ ಆಗುತ್ತದೆ ಎಂಬ ನಂಬಿಕೆಯಲ್ಲಿ, ನನ್ನ ಅಂಗಡಿಯ ಮುಂದಿನ ರಸ್ತೆಯಲ್ಲೇ ಹೋಗಿರಬೇಕು. ಈ ಯೋಚನೆ ಬಂದಾಗೆಲ್ಲ ಹೊಟ್ಟೆ ತೊಳಸುತ್ತದೆ.

ಅವನು ಆರಿಸಿಕೊಂಡದ್ದು ಯಾರನ್ನು? ವರದಕ್ಷಿಣೆ ಕೊಡಲಾಗದೆ ಮದುವೆ ನಿಂತುಹೋದ ಬಡವರ ಮನೆಯ ಹೆಣ್ಣುಮಕ್ಕಳನ್ನು. ನನಗೆ ವರದಕ್ಷಿಣೆ ಬೇಡ ಅಂದ. ಚಿನ್ನ ಹಾಕಿಕೊಂಡು ಬಾ ಅಂದ. ಲಾಡ್ಜಿನಲ್ಲಿ ರಾತ್ರಿ ಕಳೆದು, ಬೆಳಿಗ್ಗೆ ಒಡವೆಯನ್ನು ರೂಮಿನಲ್ಲೇ ಬಿಡಿಸಿ ಬಸ್ ನಿಲ್ದಾಣಕ್ಕೆ ಕರೆತಂದ. ಬಸಿರಾಗದಿರಲು ಮಾತ್ರೆ, ನುಂಗಿದರೆ ವಾಂತಿ ಬರಬಹುದು, ಶೌಚಾಲಯದಲ್ಲಿ ತಗೋ ಎಂದು ಕೈಗೆ ಕೊಟ್ಟ. ಅದು ಸೈನೈಡ್. ಅವರು ಒಳಗಿನಿಂದ ಚಿಲಕ ಹಾಕಿಕೊಂಡು ನುಂಗಿದರು. ಮೈಸೂರಿನ ಲಷ್ಕರ್ ಮೊಹಲ್ಲಾದ ಬಸ್ ನಿಲ್ದಾಣ ಒಂದರಲ್ಲೇ ಎಂಟು ಹೆಣ ಸಿಕ್ಕವು. ಒಂದೊಂದು ಸ್ಟೇಷನ್ನಿನಲ್ಲಿ ಒಂದೊಂದು ಅಸಹಜ ಸಾವಿನ ಫೈಲು. ಯುಡಿಆರ್ ಎಂದು ಬರೆದು ಮುಚ್ಚಿದರು. ಊರಿನಲ್ಲಿ ಕೆಲವು ಮನೆಯವರು, ಮಗಳು ಯಾರ ಜೊತೆಗೋ ಹೋದಳು ಎಂದುಕೊಂಡು ಮರ್ಯಾದೆಗೆ ಹೆದರಿ ದೂರೇ ಕೊಡಲಿಲ್ಲ. 2009ರಲ್ಲಿ ಬಂಟ್ವಾಳದ ಕಡೆಯ ಹುಡುಗಿಯೊಬ್ಬಳು ಕಾಣೆಯಾದಾಗ ಜನ ಸ್ಟೇಷನ್ ಮುಂದೆ ಗಲಾಟೆ ಮಾಡಿದರು. ಆಗ ಪೊಲೀಸರು ಫೋನ್ ಕರೆಗಳ ದಾಖಲೆ ತೆಗೆದರು. ಆಮೇಲೆ ಒಂದರ ಹಿಂದೆ ಒಂದು ಕೇಸು ಬಿಚ್ಚಿಕೊಂಡಿತು.

ಈಗ ಹೇಳಿ. ಈ ಕಥೆಯಲ್ಲಿ ಕುತೂಹಲ ಎಲ್ಲಿದೆ? ಆ ಮನುಷ್ಯನ ತಲೆಯೊಳಗೆ ಏನಿತ್ತು ಎಂಬುದರಲ್ಲಾ? ಇಷ್ಟು ಹೆಣ್ಣುಮಕ್ಕಳು ಕಾಣೆಯಾದರೂ ಯಾಕೆ ಯಾರೂ ಹುಡುಕಲಿಲ್ಲ ಎಂಬುದರಲ್ಲಾ? ನನ್ನ ಅಂಗಡಿಯಲ್ಲಿ ಈ ಪ್ರಕರಣದ ಮಾತು ಬಂದಾಗೆಲ್ಲ ಹೆಂಗಸರು ಮಾತಾಡುವುದು ಎರಡನೆಯದನ್ನೇ. ವರದಕ್ಷಿಣೆಯ ಬಗ್ಗೆ. ಮೂವತ್ತು ದಾಟಿದ ಮಗಳನ್ನು ಮನೆಯಲ್ಲಿ ಇಟ್ಟುಕೊಂಡ ಅಮ್ಮನ ಬಗ್ಗೆ. ‘ಓಡಿಹೋದಳು’ ಎಂದು ಊರು ಎಷ್ಟು ಬೇಗ ತೀರ್ಮಾನ ಮಾಡುತ್ತದೆ ಎಂಬುದರ ಬಗ್ಗೆ.

2023ರ ಮೇ ತಿಂಗಳಲ್ಲಿ ‘ದಹಾಡ್’ ಎಂಬ ಹಿಂದಿ ಸೀರೀಸ್ ಬಂತು. ನಮ್ಮ ಕಡೆ ನೋಡಿದವರಿಗೆಲ್ಲ ಮೋಹನನ ಪ್ರಕರಣವೇ ನೆನಪಾಯಿತು. ಕಥೆ ನಡೆಯುವುದು ರಾಜಸ್ಥಾನದಲ್ಲಿ. ಪಾಠ ಹೇಳುವ ಮೇಷ್ಟ್ರು, ಸೈನೈಡ್, ಸಾರ್ವಜನಿಕ ಶೌಚಾಲಯದಲ್ಲಿ ಸಿಗುವ ಹೆಣಗಳು, ಮದುವೆಯ ಖರ್ಚಿಗೆ ಹೆದರಿದ ಮನೆಗಳು ಎಲ್ಲ ಇವೆ. ತನಿಖೆ ಮಾಡುವ ಪೊಲೀಸ್ ಹೆಂಗಸು ಕೆಳಜಾತಿಯವಳು. ಅವಳನ್ನು ಜನ ನಡೆಸಿಕೊಳ್ಳುವ ರೀತಿ, ಸತ್ತ ಹೆಣ್ಣುಮಕ್ಕಳನ್ನು ಪೊಲೀಸರು ಮೊದಲು ಲೆಕ್ಕಕ್ಕೇ ಇಡದ ರೀತಿ, ಎರಡನ್ನೂ ಜೊತೆಗಿಟ್ಟು ತೋರಿಸಿದ್ದಾರೆ. ಇದು ನನಗೆ ಬಹಳ ಇಷ್ಟವಾಯಿತು. ಊರನ್ನು ಬದಲಿಸಿದ್ದೂ ಒಳ್ಳೆಯದೇ ಆಯಿತು. ನಮ್ಮ ಕಡೆಯ ಯಾವ ಮನೆಯನ್ನೂ ಬೆರಳು ತೋರಿಸಿ ಇದೇ ಅಂತ ಹೇಳುವ ಹಾಗಿಲ್ಲ. ಬೇಸರ ಎಂದರೆ, ಸತ್ತವರಲ್ಲಿ ಹೆಚ್ಚಿನವರು ಕೊನೆಯವರೆಗೂ ಪೊಲೀಸರ ಬೋರ್ಡಿನ ಮೇಲಿನ ಫೋಟೋಗಳಾಗಿಯೇ ಉಳಿದರು. ಆ ಮೇಷ್ಟ್ರ ಮನೆಯೊಳಗೆ ನಾವು ಎಷ್ಟು ಹೊತ್ತು ಇದ್ದೆವೋ ಅಷ್ಟು ಹೊತ್ತು ಆ ಹುಡುಗಿಯರ ಮನೆಗಳಲ್ಲಿ ಇರಲಿಲ್ಲ.

ಹೀಗೆ ಎಲ್ಲವನ್ನೂ ಬದಲಿಸಿ ಹೇಳುವುದು ಒಂದು ದಾರಿ. ನನ್ನ ತಕರಾರು ಇರುವುದು ಇನ್ನೊಂದು ಬಗೆಯವರ ಮೇಲೆ.

ಬಹಳ ವರ್ಷಗಳ ಹಿಂದೆ ನಮಗೆ ಹತ್ತಿರದ ಒಂದು ಊರಿನಲ್ಲಿ ಒಬ್ಬ ಹೆಂಗಸಿನ ಕೊಲೆ ಆಯಿತು. ಊರಿನ ಹೆಸರು ಬರೆಯುವುದಿಲ್ಲ. ಅವಳದ್ದೂ ಬರೆಯುವುದಿಲ್ಲ. ಸ್ವಲ್ಪ ಕಾಲದಲ್ಲೇ ಒಂದು ವಾಹಿನಿ ಅದನ್ನು ನಟರಿಂದ ಮಾಡಿಸಿ ರಾತ್ರಿ ಕಾರ್ಯಕ್ರಮದಲ್ಲಿ ತೋರಿಸಿತು. ನನಗೆ ಅವಳು ಗೊತ್ತಿದ್ದವಳು. ಕೊಯ್ಲಿನ ದಿನಗಳಲ್ಲಿ ಸೀರೆಯ ಮೇಲೆ ಗಂಡನ ಹಳೇ ಫುಲ್ ತೋಳಿನ ಶರ್ಟು ಹಾಕಿ, ತಲೆಗೆ ಟವಲ್ ಸುತ್ತಿ, ಸೊಂಟಕ್ಕೆ ಚೀಲ ಕಟ್ಟಿ ಹೋಗುತ್ತಿದ್ದಳು. ಶರ್ಟಿನ ತೋಳು ಕಾಫಿ ರೆಂಬೆಗೆ ಸಿಕ್ಕಿ ಹರಿದರೆ ನನ್ನ ಹತ್ತಿರ ತರುತ್ತಿದ್ದಳು. ಮೊಣಕೈಗೆ ತೇಪೆ ಹಾಕುವಾಗ ಬೇರೆ ಬಣ್ಣದ ಬಟ್ಟೆಯಾದರೂ ಪರವಾಗಿಲ್ಲ, ದಪ್ಪ ಇರಲಿ ಅನ್ನುತ್ತಿದ್ದಳು. ಟಿವಿಯಲ್ಲಿ ಅವಳು ಕೆಂಪು ಶಿಫಾನ್ ಸೀರೆ ಉಟ್ಟು, ತುಟಿಗೆ ಬಣ್ಣ ಹಚ್ಚಿ, ಗೇಟಿನ ಹತ್ತಿರ ಯಾರಿಗೋ ಕಾಯುತ್ತಾ ನಿಂತಿದ್ದಳು. ಕಥೆಗೆ ಅವಳಿಗೊಬ್ಬ ಪ್ರಿಯಕರ ಬೇಕಾಗಿದ್ದ. ಹಾಗಾಗಿ ಸೇರಿಸಿದ್ದರು. ಪೊಲೀಸರ ದಾಖಲೆಯಲ್ಲಿ ಇಲ್ಲದ ಮನುಷ್ಯ. ಕೋರ್ಟಿನಲ್ಲಿ ಯಾರೂ ಹೇಳದ ಮನುಷ್ಯ.

ಆ ಎಪಿಸೋಡ್ ಅರ್ಧ ಗಂಟೆಯಲ್ಲಿ ಮುಗಿಯಿತು. ಅವಳ ಮಗಳಿಗೆ ಮುಗಿಯಲಿಲ್ಲ. ಶಾಲೆಯಲ್ಲಿ ಬೇರೆ ಮಕ್ಕಳು ನಿಮ್ಮಮ್ಮನ ಸೀರಿಯಲ್ ನೋಡಿದೆವು ಎಂದರು. ಸಂತೆಯಲ್ಲಿ ದೊಡ್ಡವರು ಬಾಯಿಬಿಟ್ಟು ಹೇಳಲಿಲ್ಲ, ನೋಡುವ ರೀತಿ ಬದಲಾಯಿತು. ಆ ಹುಡುಗಿಯನ್ನು ಅಜ್ಜಿ ಬೇರೆ ತಾಲೂಕಿನ ಹಾಸ್ಟೆಲಿಗೆ ಹಾಕಿದರು. ತಾಯಿಯ ಕೊಲೆ ಒಂದು ನೋವು. ತಾಯಿಯ ಬಗ್ಗೆ ಊರೆಲ್ಲ ಸುಳ್ಳು ನಂಬಿದ್ದು ಇನ್ನೊಂದು ನೋವು. ಮೊದಲನೆಯದಕ್ಕೆ ಕೋರ್ಟಿನಲ್ಲಿ ಶಿಕ್ಷೆಯಾಯಿತು. ಎರಡನೆಯದಕ್ಕೆ ಯಾರ ಹತ್ತಿರ ಹೋಗುವುದು?

ಅಂಥ ಕಾರ್ಯಕ್ರಮಗಳ ಪ್ರೋಮೋದಲ್ಲಿ ದಪ್ಪ ಅಕ್ಷರದಲ್ಲಿ ‘ನೈಜ ಘಟನೆ ಆಧಾರಿತ’ ಎಂದು ಬರುತ್ತದೆ. ಹಿನ್ನೆಲೆಯಲ್ಲಿ ಗಡಸು ದನಿ ಅದನ್ನೇ ಓದುತ್ತದೆ. ಎಪಿಸೋಡ್ ಶುರುವಾಗುವಾಗ ಸಣ್ಣ ಅಕ್ಷರದಲ್ಲಿ ಇನ್ನೊಂದು ಬರುತ್ತದೆ. ‘ಇಲ್ಲಿನ ಪಾತ್ರಗಳು, ಘಟನೆಗಳು ಕಾಲ್ಪನಿಕ. ಯಾರಿಗಾದರೂ ಹೋಲಿಕೆಯಾದರೆ ಅದು ಕಾಕತಾಳೀಯ.’ ನಮ್ಮ ಲೈನ್ ಮನೆಯ ಮೊಬೈಲಿನಲ್ಲಿ ಅದನ್ನು ಓದಿ ಮುಗಿಸುವಷ್ಟರಲ್ಲಿ ಹೋಗಿರುತ್ತದೆ. ಮೊದಲನೆಯದು ನಮ್ಮನ್ನು ಕರೆಯಲು. ಎರಡನೆಯದು ಕೋರ್ಟಿನಿಂದ ತಪ್ಪಿಸಿಕೊಳ್ಳಲು. ನಿಜ ಎಂದು ನಂಬಿ ನೋಡಿದ ನಮಗೂ, ಆ ಮನೆಯವರಿಗೂ ಇದು ಮೋಸ. ಇದಕ್ಕಿಂತ ಮೆತ್ತನೆಯ ಮಾತು ನನಗೆ ಸಿಗುತ್ತಿಲ್ಲ.

ಕಾನೂನು ಏನು ಹೇಳುತ್ತದೆ ಎಂದು ವಕೀಲರೊಬ್ಬರನ್ನು ಕೇಳಿ ತಿಳಿದುಕೊಂಡೆ. ಮದ್ರಾಸಿನಲ್ಲಿ ಆರು ಕೊಲೆ ಮಾಡಿದ ಆಟೋ ಶಂಕರ್ ಎಂಬವನು ಜೈಲಿನಲ್ಲಿ ತನ್ನ ಕಥೆ ಬರೆದಿದ್ದ. ಅದನ್ನು ಒಂದು ತಮಿಳು ಪತ್ರಿಕೆ ಅಚ್ಚು ಹಾಕಲು ಹೊರಟಾಗ ಜೈಲಿನ ಅಧಿಕಾರಿಗಳು ಅಡ್ಡ ಬಂದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 1994ರಲ್ಲಿ ತೀರ್ಪು ಬಂತು. ಕೋರ್ಟಿನ ದಾಖಲೆಯಂಥ ಸಾರ್ವಜನಿಕ ಕಾಗದಗಳಲ್ಲಿ ಇರುವುದನ್ನು ಯಾರ ಒಪ್ಪಿಗೆ ಇಲ್ಲದೆಯೂ ಬರೆಯಬಹುದು. ಒಬ್ಬರ ಬದುಕಿನ ಬಗ್ಗೆ ಅದಕ್ಕಿಂತ ಆಚೆಗೆ ಒಪ್ಪಿಗೆ ಇಲ್ಲದೆ ಹೋದರೆ ಅವರ ಖಾಸಗಿತನಕ್ಕೆ ಕೈ ಹಾಕಿದಂತೆ, ಅದರ ಹೊಣೆ ಬರೆದವರದ್ದು. ಲೈಂಗಿಕ ದೌರ್ಜನ್ಯಕ್ಕೋ ಅಪಹರಣಕ್ಕೋ ಗುರಿಯಾದ ಹೆಣ್ಣಿನ ವಿಷಯದಲ್ಲಿ, ದಾಖಲೆಯಲ್ಲಿದ್ದರೂ ಅವಳ ಹೆಸರನ್ನು ಬಯಲಿಗೆಳೆಯಬಾರದು ಎಂದೂ ಅದೇ ತೀರ್ಪಿನಲ್ಲಿದೆ. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಿಟ್ಟುಕೊಡುವುದು ಅಪರಾಧ. ಹೊಸ ನ್ಯಾಯ ಸಂಹಿತೆಯಲ್ಲಿ ಅದು 72ನೇ ಸೆಕ್ಷನ್. ಸತ್ತವರ ವಿಷಯದಲ್ಲೂ ಹೆಸರು ಹೇಳಬಾರದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ಇಷ್ಟು ಇದ್ದರೂ ಸತ್ತವರ ಮನೆಯವರಿಗೆ ಕಾನೂನಿನ ಬಲ ಕಡಿಮೆಯೇ. ನಟನೊಬ್ಬನ ಸಾವಿನ ಕುರಿತ ಸಿನಿಮಾ ತಡೆಯಬೇಕೆಂದು ಅವನ ತಂದೆ ದೆಹಲಿ ಹೈಕೋರ್ಟಿಗೆ ಹೋದರು. ಖಾಸಗಿತನದ ಹಕ್ಕು ಆ ಮನುಷ್ಯನ ಜೊತೆಗೇ ಮುಗಿಯಿತು ಎಂದು 2023ರಲ್ಲಿ ಕೋರ್ಟ್ ಹೇಳಿತು. ಅಂದರೆ ಸತ್ತವಳ ಬಗ್ಗೆ ಏನು ಬೇಕಾದರೂ ತೋರಿಸಿ, ಅವಳ ಅಮ್ಮ ಕೋರ್ಟಿಗೆ ಹೋದರೆ ಗೆಲ್ಲುವುದು ಕಷ್ಟ. ಲೈನ್ ಮನೆಯಲ್ಲಿರುವ ಅಮ್ಮ ಕೋರ್ಟಿಗೆ ಹೋಗುವುದಾದರೂ ಹೇಗೆ? ದಿನಗೂಲಿ ಬಿಟ್ಟು ಬೆಂಗಳೂರಿಗೆ ಎಷ್ಟು ಸಲ ಓಡಾಡಿಯಾಳು? ಕಾನೂನು ತಡೆಯುವುದಿಲ್ಲ ಎಂಬುದೇ ನಿಮಗೆ ಧೈರ್ಯವಾಗಬಾರದು. ಅದಕ್ಕೇ ನಿಮ್ಮ ಮನಸ್ಸಿಗೆ ಬರೆಯುತ್ತಿದ್ದೇನೆ, ಕೋರ್ಟಿಗಲ್ಲ.

ಅವಸರದ ಬಗ್ಗೆಯೂ ಹೇಳಬೇಕು. ಕೊಡಗಿನ ಗಡಿಯಾಚೆ ಕೇರಳ. ವಿರಾಜಪೇಟೆ, ಗೋಣಿಕೊಪ್ಪ, ಸಿದ್ದಾಪುರದ ಕಡೆ ಬಹಳ ಮನೆಗಳಲ್ಲಿ ಮಲಯಾಳಂ ವಾಹಿನಿಗಳನ್ನೂ ನೋಡುತ್ತಾರೆ. ಕೋಝಿಕ್ಕೋಡ್ ಜಿಲ್ಲೆಯ ಕೂಡತ್ತಾಯಿಯಲ್ಲಿ ಒಂದೇ ಕುಟುಂಬದ ಸುತ್ತ 2002ರಿಂದ 2016ರವರೆಗೆ ಆರು ಸಾವುಗಳಾಗಿದ್ದವು. ಅದರಲ್ಲಿ ಒಂದು ಸಣ್ಣ ಮಗು. ಅವು ಕೊಲೆಗಳು ಎಂದು ಪೊಲೀಸರು ಹೇಳಿ ಆರೋಪಿಯನ್ನು ಹಿಡಿದದ್ದು 2019ರ ಅಕ್ಟೋಬರ್‌ನಲ್ಲಿ. 2020ರ ಜನವರಿಗೆ ಅದೇ ಊರಿನ ಹೆಸರಿನಲ್ಲಿ ಟಿವಿ ಸೀರಿಯಲ್ ಶುರುವಾಗಿಬಿಟ್ಟಿತ್ತು. ಕೇಸಿನ ಸಾಕ್ಷಿಯೊಬ್ಬರು ಕೋರ್ಟಿಗೆ ಹೋದರು. ಕೇರಳ ಹೈಕೋರ್ಟ್ ಎರಡು ವಾರ ಪ್ರಸಾರಕ್ಕೆ ತಡೆ ಕೊಟ್ಟಿತು. ಸಾಕ್ಷಿಗಳು ಇನ್ನೂ ಕೋರ್ಟಿನಲ್ಲಿ ನಿಂತು ಮಾತಾಡಿಲ್ಲ, ಅಷ್ಟರಲ್ಲಿ ಯಾರು ಹೇಗೆ ವಿಷ ಹಾಕಿದರು ಎಂದು ಜನ ಮನೆಮನೆಯಲ್ಲಿ ನೋಡಲು ಶುರು ಮಾಡಿದರೆ ಆ ಕೇಸಿನ ಗತಿ ಏನು? ವಿಚಾರಣೆ ಮುಗಿಯುವವರೆಗೆ ಕಾಯಿರಿ. ತೀರ್ಪು ಬಂದ ಮೇಲೆ ಮಾಡಿದರೆ ನಿಮ್ಮ ಕೈಯಲ್ಲಿ ದಾಖಲೆಯೂ ಜಾಸ್ತಿ ಇರುತ್ತದೆ.

ಊರಿನ ಹೆಸರಿನ ವಿಷಯ ಬಂದದ್ದಕ್ಕೆ ನೆನಪಾಯಿತು. 2012ರಲ್ಲಿ ಕನ್ನಡದಲ್ಲಿ, ಕೊಲೆ, ದರೋಡೆ ಮಾಡುತ್ತಿದ್ದ ಗ್ಯಾಂಗೊಂದರ ಮೇಲೆ ‘ದಂಡುಪಾಳ್ಯ’ ಸಿನಿಮಾ ಬಂತು. ಇವತ್ತು ಎಲ್ಲಿ ಯಾರು ದರೋಡೆ ಮಾಡಿದರೂ ಜನ ದಂಡುಪಾಳ್ಯದವರು ಅನ್ನುತ್ತಾರೆ. ಅದು ನಿಜವಾಗಿ ಜನ ಬದುಕುತ್ತಿರುವ ಊರು. ಆ ಊರಿನ ಹುಡುಗಿಗೆ ಗಂಡು ನೋಡಲು ಬಂದವರು ಊರಿನ ಹೆಸರು ಕೇಳಿದಾಗ ಅವಳಿಗೆ ಹೇಗಾಗುತ್ತದೆ ಎಂದು ಒಮ್ಮೆ ಯೋಚಿಸಿ.

ನಮ್ಮ ಕೊಡಗಿನ ಮೇಲೂ ನಿಮಗೆ ಕಣ್ಣಿದೆ. ಹೆಣ ಸಿಗುವ ಸೀನ್‌ಗೆ ಮಂಜು ಬೇಕು, ಕಾಫಿ ತೋಟ ಬೇಕು, ಒಂಟಿ ಬಂಗಲೆ ಬೇಕು, ಗೋಡೆಯ ಮೇಲೆ ಕೋವಿ ಬೇಕು. ಶೂಟಿಂಗಿಗೆ ಬನ್ನಿ, ಬೇಡ ಅನ್ನುವುದಿಲ್ಲ, ಹೋಂಸ್ಟೇಯವರಿಗೆ ನಾಲ್ಕು ಕಾಸು ಸಿಗುತ್ತದೆ. ಆದರೆ ಕೋವಿ ಇಲ್ಲಿ ಏನು ಎಂದು ತಿಳಿದುಕೊಂಡು ಬನ್ನಿ. ಕೊಡವರಿಗೆ, ಜಮ್ಮಾ ಎಂಬ ಹಳೇ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದದ್ದು, ಈಗ 2029ರವರೆಗೆ ವಿಸ್ತರಿಸಿದ್ದಾರೆ. ಕೈಲ್‌ಪೋಳ್ದ್ ಹಬ್ಬದಲ್ಲಿ ಕೋವಿಗೆ ತೋಕ್‌ಪೂ ಎಂಬ ಹೂವು ಸಿಕ್ಕಿಸಿ ಪೂಜೆ ಮಾಡುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುವುದು, ಸಾವಾದರೆ ಎರಡು ಗುಂಡು ಹಾರಿಸುವುದು ಕೊಡವರ ಪದ್ಧತಿ. ಫೋನ್ ಇಲ್ಲದ ಕಾಲದಲ್ಲಿ ಎರಡು ಗುಂಡಿನ ಸದ್ದು ಕೇಳಿದರೆ ಸುತ್ತಲಿನವರು ಕೈಯಲ್ಲಿದ್ದ ಕೆಲಸ ಬಿಟ್ಟು ಆ ಮನೆಗೆ ಹೋಗುತ್ತಿದ್ದರು. ಕಟ್ಟಿಗೆ ಯಾರು ತರುವುದು, ನೆಂಟರಿಗೆ ಯಾರು ಹೇಳುವುದು ಎಂದು ಆ ಮನೆಯವರು ಯೋಚಿಸಬೇಕಾಗಿರಲಿಲ್ಲ. ಸಾವಿನ ಮನೆಗೆ ಹೋಗುವುದು ನಮ್ಮಲ್ಲಿ ಯಾವ ಜಾತಿಯವರಿಗೂ ಹೇಳಿಕೊಡಬೇಕಾದ ವಿಷಯ ಅಲ್ಲ. ನೀವೂ ಇದೇ ನಾಡಿನವರು. ಆ ಸಾವಿನ ಮೇಲೆ ಎಂಟು ಎಪಿಸೋಡ್ ಕಟ್ಟುವವರು ಒಂದು ಸಲ ಆ ಜಗಲಿಯಲ್ಲಿ ಕೂತು ಬರುವುದು ಹೆಚ್ಚಾಯಿತಾ?

ಮನೆಯವರನ್ನು ಕೇಳಿದರೆ ಕಥೆ ಸಪ್ಪೆಯಾಗುತ್ತದೆ, ಅವರು ಒಳ್ಳೆಯದನ್ನೇ ಹೇಳುತ್ತಾರೆ ಎಂದು ನೀವು ಹೇಳಬಹುದು. ಇಂಗ್ಲೆಂಡಿನ ಇಪ್ಸ್‌ವಿಚ್ ಎಂಬ ಊರಿನಲ್ಲಿ 2006ರ ಕೊನೆಯಲ್ಲಿ ಐವರು ಯುವತಿಯರ ಕೊಲೆಯಾಯಿತು. ಅವರು ಡ್ರಗ್ಸ್ ಚಟಕ್ಕೆ ಬಿದ್ದು, ಹಣಕ್ಕಾಗಿ ಬೀದಿಯಲ್ಲಿ ಮೈ ಮಾರಿಕೊಳ್ಳುತ್ತಿದ್ದವರು. ಬಿಬಿಸಿ 2010ರಲ್ಲಿ ಅದರ ಮೇಲೆ ‘ಫೈವ್ ಡಾಟರ್ಸ್’ ಎಂಬ ಮೂರು ಕಂತಿನ ನಾಟಕ ಮಾಡಿತು. ಸತ್ತವರ ಕೆಲವು ಮನೆಯವರ ಸಹಕಾರ ಪಡೆದೇ ಮಾಡಿದರು. ಕಥೆ ನಡೆಯುವುದು ಆ ಐವರ ಮತ್ತು ಅವರ ಅಮ್ಮಂದಿರ ಸುತ್ತ. ಅವರ ಚಟವನ್ನು ಮುಚ್ಚಿಡಲಿಲ್ಲ. ಅದರಿಂದ ಹೊರಬರಲು ಅವರು ಪಟ್ಟ ಪಾಡನ್ನೂ ಬಿಡಲಿಲ್ಲ. ಇನ್ನೊಂದು ಕಡೆ ಅಮೆರಿಕದಲ್ಲಿ 17 ಜನರನ್ನು ಕೊಂದವನ ಮೇಲೆ 2022ರಲ್ಲಿ ದೊಡ್ಡ ಓಟಿಟಿ ಸಂಸ್ಥೆಯೊಂದು ಸರಣಿ ಮಾಡಿತು. ಸತ್ತವರಲ್ಲಿ ಒಬ್ಬನ ಅಕ್ಕ ಕೋರ್ಟಿನಲ್ಲಿ ಅತ್ತು ಕೂಗಾಡಿದ್ದನ್ನು ಹಾಗೆಹಾಗೇ ನಟಿಯಿಂದ ಮಾಡಿಸಿದರು. ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ ಎಂದು ಆಕೆ ಆಮೇಲೆ ಹೇಳಿದರು. ನೋಡಿದವರ ಸಂಖ್ಯೆ ಯಾವುದಕ್ಕೆ ಜಾಸ್ತಿ ಎಂದು ನೀವು ಲೆಕ್ಕ ತೋರಿಸಬಹುದು. ನಾನು ಅದರಲ್ಲಿ ನಿಮ್ಮ ಜೊತೆ ವಾದ ಮಾಡುವುದಿಲ್ಲ. ನನ್ನ ಅಂಗಡಿಯ ಹೆಂಗಸರು ಕೇಳುವ ಪ್ರಶ್ನೆಗಳಿಗೆ ಉತ್ತರ ಸಿಗುವುದು ಮೊದಲನೆಯ ಬಗೆಯಲ್ಲಿ ಮಾತ್ರ.

ಕೆಲವು ಸಣ್ಣ ವಿಷಯಗಳೂ ಇವೆ. ಯಾವ ವಿಷ, ಎಲ್ಲಿ ಸಿಗುತ್ತದೆ, ಏನು ಹೇಳಿ ತಗೋಬೇಕು ಎಂಬಷ್ಟು ವಿವರ ಬೇಡ. ಕೊಲ್ಲೋನೂ ನೋಡಿ ಕಲೀತಾನೆ ಎಂದು ಆ ಕಾಲೇಜು ಹುಡುಗಿಯ ಅಮ್ಮ ಹೇಳಿದ ಮಾತು ಸುಳ್ಳಲ್ಲ. ಎಪಿಸೋಡ್ ಮುಗಿದ ಮೇಲೆ ಹೆಂಗಸರ ಸಹಾಯವಾಣಿ 181, ಪೊಲೀಸರ 112 ಈ ನಂಬರ್‌ಗಳನ್ನು ಕನ್ನಡದಲ್ಲಿ, ದೊಡ್ಡದಾಗಿ, ಓದಲು ಆಗುವಷ್ಟು ಹೊತ್ತು ಇಡಿ. ಯಾವುದು ದಾಖಲೆಯಲ್ಲಿದೆ, ಯಾವುದನ್ನು ನೀವು ಸೇರಿಸಿದಿರಿ ಎಂದು ಕೊನೆಗಾದರೂ ಹೇಳಿ. ಸತ್ತವರ ಮಕ್ಕಳು ಇನ್ನೂ ಶಾಲೆಗೆ ಹೋಗುತ್ತಿದ್ದರೆ ಅವರು ದೊಡ್ಡವರಾಗುವವರೆಗೆ ಆ ಕಥೆಯನ್ನು ಬಿಟ್ಟುಬಿಡಿ. ಬೇರೆ ಕಥೆಗಳಿಗೇನು ಬರವಿಲ್ಲ.

2021ರ ನಿಯಮದ ಪ್ರಕಾರ ಪ್ರತಿ ಓಟಿಟಿ ಸಂಸ್ಥೆಯಲ್ಲೂ ದೂರು ಕೇಳುವ ಅಧಿಕಾರಿ ಇರಬೇಕು. ದೂರು ಬಂದ 15 ದಿನದೊಳಗೆ ತೀರ್ಮಾನ ತಿಳಿಸಬೇಕು. ಟಿವಿ ವಾಹಿನಿಗಳಿಗೂ ಅದೇ ವರ್ಷ ಇಂಥ ನಿಯಮ ಬಂತು. ಇದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೊಮ್ಮಗಳನ್ನು ಹಾಸ್ಟೆಲಿಗೆ ಹಾಕಿದ ಆ ಅಜ್ಜಿಗೂ ಗೊತ್ತಾಗುವ ಹಾಗೆ ಆ ಅಧಿಕಾರಿಯ ಹೆಸರು, ವಿಳಾಸ, ಫೋನ್ ನಂಬರ್ ಕನ್ನಡದಲ್ಲಿ ಪರದೆಯ ಮೇಲೆ ಬರಲಿ. ಇಂಗ್ಲಿಷಿನಲ್ಲಿ ಇಮೇಲ್ ಮಾಡಿ ಅಂದರೆ ಅವರು ಮಾಡಲಾರರು. ಕಾಗದ ಬರೆದರೂ ತಗೋಬೇಕು, ಫೋನ್ ಮಾಡಿದರೂ ಬರೆದುಕೊಳ್ಳಬೇಕು.

ನಿಮ್ಮಲ್ಲಿ ಯಾರಾದರೂ ಈಗ ಇಂಥ ಕಥೆಯೊಂದರ ಕೆಲಸದಲ್ಲಿ ಇದ್ದರೆ, ಆ ಮನೆಯವರನ್ನು ಕಂಡು ಬಂದಿದ್ದೀರಾ ಎಂದು ನಮಗೆ ತಿಳಿಸಿ. ಹಾಗೆ ಕೇಳಿಯೇ ಮಾಡಿದ ಕನ್ನಡದ ಸೀರಿಯಲ್ಲೋ ಸೀರೀಸೋ ಈಗಾಗಲೇ ಇದ್ದರೆ ಅದರ ಹೆಸರು ಹೇಳಿ. ನನ್ನ ಅಂಗಡಿಗೆ ಬರುವವರಿಗೆಲ್ಲ ಅದನ್ನು ನೋಡಿ ಎಂದು ನಾನೇ ಹೇಳುತ್ತೇನೆ.

ಇಂತಿ,
ಒಬ್ಬ ವೀಕ್ಷಕಿ
ಸುಂಟಿಕೊಪ್ಪ, ಕೊಡಗು